ಸಿಕ್ಕರೆ ಸೇರಿಸು, ಇಲ್ಲದಿದ್ದರೆ ಮುಂದೆ ಹೋಗು

ನನ್ನ ಹತ್ತಿರ ಒಂದೇ ಹೆಸರಿನ ಎರಡು ಫೈಲುಗಳಿವೆ. ಗೀರು ಬಿದ್ದ ಒಂದು ಸಿ.ಡಿ.ಯಲ್ಲಿ ಉಳಿದುಕೊಂಡಿವೆ. ಒಂದಕ್ಕೂ ಇನ್ನೊಂದಕ್ಕೂ ಎರಡು ದಿನಗಳ ಅಂತರ, ಒಂದೇ ಸಾಲಿನ ವ್ಯತ್ಯಾಸ. ಆ ಸಾಲಿನ ಮೇಲೆ, ಯಂತ್ರ ಓದದೆ ದಾಟಿ ಹೋಗುವ ಟಿಪ್ಪಣಿಯಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಮಾತು ಬರೆದಿದೆ: ಸಿಕ್ಕರೆ ಸೇರಿಸು, ಇಲ್ಲದಿದ್ದರೆ ಮುಂದೆ ಹೋಗು. ಬರೆದವಳು ನಾನು.

ಇದನ್ನು ಮತ್ತೆ ತೆರೆದು ನೋಡುವವರೆಗೆ ನನ್ನ ನೆನಪು ಬೇರೆಯೇ ಇತ್ತು. ನನ್ನ ನೆನಪಿನಲ್ಲಿ, ಆಗ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನರು ಬಾಗಿಲಿಗೆ ಒರಗಿ ನಿಂತು, ಕೈಯಲ್ಲಿ ಚಹಾದ ಲೋಟ ಹಿಡಿದು, “ಅದು ಎಲ್ಲೂ ನಿಲ್ಲಬಾರದು, ಏನಾದರೂ ಮಾಡಮ್ಮ” ಎನ್ನುತ್ತಾರೆ. ನಾನು ಒಲ್ಲದ ಮನಸ್ಸಿನಿಂದ ಮಾಡುತ್ತೇನೆ. ಲೋಟದ ಅಂಚು ಒಡೆದಿದ್ದದ್ದೂ ನನಗೆ ಕಾಣುತ್ತದೆ. ಆದರೆ ಮೊದಲ ಫೈಲಿನ ಮೇಲಿರುವ ತಾರೀಖಿನ ದಿನ ನನ್ನ ಡೈರಿಯಲ್ಲಿ ಹೀಗಿದೆ: “ಯಜಮಾನರು ಮದುವೆಗೆ ಹೋಗಿದ್ದಾರೆ, ಬರುವುದು ಸೋಮವಾರ. ಬಿಲ್ಡ್ ನಿಲ್ಲದೆ ಮುಗಿಯಿತು. ಸಮಾಧಾನ.” ಒಡೆದ ಲೋಟವನ್ನು ಎಲ್ಲಿಂದ ತಂದೆನೋ ತಿಳಿಯದು. ತಪ್ಪನ್ನು ಇನ್ನೊಬ್ಬರ ಕೈಗೆ ಕೊಡುವಾಗ ಆ ಕೈಯಲ್ಲಿ ಏನಾದರೂ ಇರಲಿ ಎಂದು ಮನಸ್ಸೇ ಇಟ್ಟಿರಬೇಕು.

ಆ ಸಾಲಿನಿಂದಾಗಿ ಒಬ್ಬ ಮನುಷ್ಯನ ಮಾತು ಅವರ ಹೆಂಡತಿಯ ಊರಿನಲ್ಲಿ ಬಿದ್ದುಹೋಯಿತು. ಯಜಮಾನರ ಮೇಲೆ ಹೊರಿಸದೆ ಬರೆಯಲು ಸಾಧ್ಯವೇ ನೋಡೋಣ ಎಂದು ಕುಳಿತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ ನಾನು ಚಳ್ಳಕೆರೆಗೇ ಬಂದಿದ್ದೆ. ಎಣ್ಣೆ ಮಿಲ್ಲೊಂದರ ಹಿಂದಿನ ಶೆಡ್ಡಿನಲ್ಲಿ ನಮ್ಮ ಕೆಲಸ. ಶೇಂಗಾ ಹಿಂಡಿಯ ವಾಸನೆ ಬಟ್ಟೆಗೆ, ಪುಸ್ತಕಕ್ಕೆ, ಬೆಸುಗೆ ಹಾಕುವ ಮೇಜಿಗೆ ಹತ್ತಿಕೊಂಡಿತ್ತು. ಯಜಮಾನರು ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಸ್ವಂತದ್ದೇನಾದರೂ ಮಾಡಬೇಕೆಂದು ಊರಿಗೆ ಬಂದವರು. ಅವರ ಆಲೋಚನೆ ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳದು. ಸೀರೆಯ ಅಂಚಿನಲ್ಲಿ ನವಿಲೋ ಹಂಸವೋ ಮೂಡಬೇಕಾದರೆ ಯಾವ ಎಳೆಗಳು ಯಾವಾಗ ಮೇಲೇಳಬೇಕೆಂದು ತೂತು ಕೊರೆದ ರಟ್ಟುಗಳ ಸರ ಮಗ್ಗಕ್ಕೆ ಹೇಳುತ್ತದೆ. ವಿನ್ಯಾಸ ಬದಲಾದರೆ ರಟ್ಟಿನ ಸರವೂ ಬದಲಾಗಬೇಕು. ಆ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇಡುವುದು ನಮ್ಮ ಕೆಲಸವಾಗಿತ್ತು.

ಪೆಟ್ಟಿಗೆಯ ಪ್ರೋಗ್ರಾಂ ನನ್ನದು. ಪೆಟ್ಟಿಗೆ ಜೋಡಿಸುವುದು, ಚಿಪ್ಪಿಗೆ ಪ್ರೋಗ್ರಾಂ ತುಂಬುವುದು, ಮಗ್ಗಕ್ಕೆ ಕೂರಿಸುವುದು ನಮ್ಮ ಫಿಟ್ಟರರ ಕೆಲಸ. ಅವರು ನನ್ನಿವಾಳದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಚಳ್ಳಕೆರೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದವರನ್ನು ಯಜಮಾನರು ಕರೆತಂದಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ನೋರೇ ಎನ್ನುತ್ತಿದ್ದರು. ಅವರ ಹೆಂಡತಿಯ ತವರು ಮೊಳಕಾಲ್ಮೂರಿನಲ್ಲಿ ಮಗ್ಗಗಳಿದ್ದ ಒಂದು ಬೀದಿ. ನಮ್ಮ ಮೊದಲ ಪೆಟ್ಟಿಗೆ ಹೋಗಿದ್ದು ಅವರ ಮಾವನ ಮಗ್ಗಕ್ಕೆ.

ಪೆಟ್ಟಿಗೆಗೆ ಕರೆಂಟು ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ, ಬೂಟ್‌ಲೋಡರ್ ಎಂದು ಅದರ ಹೆಸರು. ದೊಡ್ಡ ಪ್ರೋಗ್ರಾಂ ಸರಿಯಾಗಿ ಇದೆಯೇ ನೋಡಿ, ಇದ್ದರೆ ಅದಕ್ಕೆ ಕೆಲಸ ಒಪ್ಪಿಸಿ ಸುಮ್ಮನಾಗುತ್ತದೆ. ಅದರ ಜೊತೆಗೆ ನಾನು ಇನ್ನೊಂದು ತುಂಡು ಸೇರಿಸಿದ್ದೆ, ರಕ್ಷಣೆಯ ತುಂಡು. ಹೊಸ ಪ್ರೋಗ್ರಾಂ ತುಂಬುತ್ತಿರುವಾಗ ಕರೆಂಟು ಹೋಗಿ ದೊಡ್ಡದು ಅರ್ಧಕ್ಕೇ ಕೆಟ್ಟರೂ, ಈ ತುಂಡು ಎದ್ದು ಕೇಬಲ್ಲಿನ ಮೂಲಕ ಮತ್ತೆ ತುಂಬಿಸಿಕೊಳ್ಳುತ್ತದೆ. ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಯನ್ನು ಬಲ್ಲವರು ಇದನ್ನು ಬಿಡುವಂತಿರಲಿಲ್ಲ.

ಮೊದಲ ಸಲ ಅದು ಕೆಲಸ ಮಾಡಿದ ದಿನ ಫಿಟ್ಟರ್ ನನ್ನ ಮೇಜಿನ ಹತ್ತಿರ ನಿಂತಿದ್ದರು. ತುಂಬುತ್ತಿರುವಾಗಲೇ ನಾನು ಪ್ಲಗ್ ಕಿತ್ತೆ, ಮತ್ತೆ ಹಾಕಿದೆ. ಕೆಂಪು ದೀಪ ಎರಡು ಕ್ಷಣ ಇದ್ದು ಹಸಿರಾಯಿತು. ಅವರು ತಾವೂ ಕೀಳುತ್ತೇನೆಂದರು. ಐದಾರು ಸಲ ಕಿತ್ತು ಹಾಕಿದರು.

“ಸತ್ತು ಸತ್ತು ಏಳ್ತೈತಲ್ರೀ ಇದು. ನಮ್ಮತ್ತೆಗಿಂತ ಗಟ್ಟಿ ಐತೆ.”

ಈ ನಗೆಯನ್ನೇ ಅವರು ಮೊಳಕಾಲ್ಮೂರಿಗೆ ತೆಗೆದುಕೊಂಡು ಹೋದರು. ನಾನು ಪೆಟ್ಟಿಗೆ ನೋಡಲು ಮೊದಲ ಬಾರಿ ಅವರ ಜೊತೆ ಹೋದಾಗ ಅವರ ಮಾವ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದವರು, ತಲೆ ಎತ್ತದೆ ಹೇಳಿದರು.

“ಬೇರೆ ಯಾರಾನ ಹೇಳಿದ್ರೆ ಈ ಡಬ್ಬಿನ ಒಸ್ತಿಲ ಒಳಕ್ಕೇ ಬಿಡ್ತಿರ್ಲಿಲ್ಲಮ್ಮ. ಅಳಿಯಂದ್ರು ಜಟಿಂಗ ರಾಮೇಶ್ವರನ ಮೇಲೆ ಆಣೆ ಮಡಗಿ ಹೇಳ್ಯಾರೆ, ಕರೆಂಟ್ ಹೋದ್ರೂ ಎದ್ದೇ ಏಳ್ತೈತೆ ಅಂತ. ಬೀದಿಯೋರೆಲ್ಲ ಕೇಳ್ಯಾರೆ.”

“ಹೌದು, ಏಳುತ್ತೆ” ಎಂದೆ ನಾನು.

ಆ ಬೀದಿಯ ಇನ್ನೂ ಐದು ಮನೆಗಳು ಪೆಟ್ಟಿಗೆ ಇಡಿಸಿಕೊಂಡದ್ದು ಆ ಆಣೆಯ ಮೇಲೆ. ನಮ್ಮ ಶೆಡ್ಡಿನ ಬೋರ್ಡು ನೋಡಿ ಯಾರೂ ಇಡಿಸಿಕೊಳ್ಳಲಿಲ್ಲ.

ಅವತ್ತು ಆ ಮಗ್ಗದ ಮೇಲಿದ್ದ ಸೀರೆಯ ಅಂಚಿನಲ್ಲಿ ಅಲ್ಲಲ್ಲಿ ಬೆರಳುದ್ದದ ಕೆಂಪು ನೂಲು ನೇತಾಡುತ್ತಿತ್ತು. ಏನೆಂದು ಕೇಳಿದೆ.

“ಅಲ್ಲಿ ಒಂದೆಳೆ ಹೋಗೈತೆ. ಒಂದೊಂದ್ಸಲ ಅಲ್ಲೇ ಕಟ್ಟಾಕೆ ಆಗಲ್ಲ, ಕಟ್ಟಾಕ್ ಕುಂತ್ರೆ ಕೈ ಹದ ಕೆಡ್ತೈತೆ. ಬಿಟ್ಟು ಮುಂದಕ್ ಹೋಗ್ತೀವಿ. ಬರೇ ಬಿಟ್ಟು ಹೋಗಂಗಿಲ್ಲ, ಗುರ್ತು ಕಟ್ಟಿ ಹೋಗ್ಬೇಕು. ಸೀರೆ ಇಳಿಸಿದ ಮೇಲೆ ಅಂಚು ಸವರ್ಕಂಡ್ ಬಂದ್ರೆ ಬಿಟ್ಟಿದ್ದೆಲ್ಲ ಕೈಗೆ ಸಿಗ್ತೈತೆ. ಸೂಜೀಲಿ ತುಂಬಿ ನೂಲು ಕಿತ್ ಹಾಕೋದು.”

ಗೋಡೆಗೆ ಒರಗಿ ರಾಟೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ, “ಇವ್ರು ಮಾಡಿದ್ ತಪ್ಪಿಗೆಲ್ಲ ನೂಲು ಕಟ್ಟಿದ್ರೆ ಸೀರೆ ಪೂರಾ ಕೆಂಪಗಾಗ್ತಿತ್ತು” ಎಂದರು.

“ಚಾಲ್ಲೇ” ಎಂದು, ಸಾಕು ಬಿಡು ಎನ್ನುವಂತೆ, ತೆಲುಗಿನಲ್ಲಿ ಗದರಿದರು ಮಾವ. ಎಲ್ಲರೂ ನಕ್ಕೆವು. ಈ ದಿನದ ಬಗ್ಗೆ ನನ್ನ ಡೈರಿಯಲ್ಲಿ ಅರ್ಧ ಪುಟ ಇದೆ, ಕೆಂಪು ನೂಲಿನ ಮಾತೂ ಇದೆ. ಹಾಗಾಗಿ ಇದನ್ನು ನಾನು ಆಮೇಲೆ ಕಟ್ಟಿಕೊಂಡದ್ದಲ್ಲ. ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎನ್ನುವುದೇ ಇಲ್ಲಿ ಕಷ್ಟ.

ಮಗ್ಗದಿಂದ ಮಗ್ಗಕ್ಕೆ ಎಳೆ ಎತ್ತುವ ಕೊಕ್ಕೆಗಳ ಲೆಕ್ಕ ಬೇರೆ. ಹಾಗಾಗಿ ಪ್ರತಿ ಪೆಟ್ಟಿಗೆಗೂ ಪ್ರೋಗ್ರಾಮನ್ನು ಒಂದಿಷ್ಟು ಬದಲಿಸಿ, ತುಂಡುಗಳನ್ನು ಜೋಡಿಸಿ ಹೊಸದಾಗಿ ಕಟ್ಟಬೇಕಾಗುತ್ತಿತ್ತು, ಅದೇ ಬಿಲ್ಡ್. ಕಟ್ಟುವ ಕ್ರಮವೆಲ್ಲ ಒಂದು ಫೈಲಿನಲ್ಲಿ ಇರುತ್ತದೆ. ಯಾವುದನ್ನು ಯಾವುದರಿಂದ ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದ ಈ ಪಟ್ಟಿಯೇ ಮೇಕ್‌ಫೈಲ್. ಕಂಪ್ಯೂಟರಿಗೆ ಒಂದು ಆಜ್ಞೆ ಕೊಟ್ಟರೆ ಅದು ಪಟ್ಟಿಯಂತೆ ಒಂದೊಂದನ್ನೇ ಮಾಡುತ್ತಾ ಹೋಗುತ್ತದೆ. ಎಲ್ಲಾದರೂ ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ನಿಲ್ಲುವುದೇ ಅದರ ಗುಣ.

ರಕ್ಷಣೆಯ ತುಂಡನ್ನು ಕಟ್ಟಲು ಇನ್ನೊಂದು ಚಿಕ್ಕ ಸಲಕರಣೆ, ಅದೂ ಒಂದು ಪ್ರೋಗ್ರಾಮೇ, ಬೇಕಿತ್ತು. ನನ್ನ ಕಂಪ್ಯೂಟರಿನಲ್ಲಿ ಅದು ಇತ್ತು. ಫಿಟ್ಟರ್ ಚಿಪ್ಪು ತುಂಬುತ್ತಿದ್ದ ಹಳೆಯ ಕಂಪ್ಯೂಟರಿನಲ್ಲಿ ಇರಲಿಲ್ಲ, ಹಾಕಲು ಹೋದರೆ ಹಿಡಿಯುತ್ತಿರಲಿಲ್ಲ. ಮೊದಲ ಪೆಟ್ಟಿಗೆಯ ಚಿಪ್ಪನ್ನು ನಾನೇ ನನ್ನ ಕಂಪ್ಯೂಟರಿನಲ್ಲಿ ಕಟ್ಟಿಕೊಟ್ಟಿದ್ದೆ. ಉಳಿದವನ್ನು ಅವರೇ ಕಟ್ಟಿಕೊಳ್ಳಲಿ ಎಂದುಕೊಂಡಾಗ ತೊಂದರೆ ಶುರುವಾಯಿತು.

“ಮೇಡಮ್ನೋರೇ, ನಿಂತೈತೆ.”

ದಿನಕ್ಕೆ ನಾಲ್ಕು ಸಲ ಈ ಮಾತು. ನಾನು ಬೇರೆ ಏನೋ ಬರೆಯುತ್ತಿದ್ದೆ, ಅದರಲ್ಲೇ ಮುಳುಗಿದ್ದೆ. ಸಿಟ್ಟು ಬರುತ್ತಿತ್ತು ಎಂದು ಈಗ ಅನಿಸುತ್ತದೆ. ಡೈರಿಯಲ್ಲಿ ಸಿಟ್ಟಿನ ಮಾತಿಲ್ಲ, “ಪದೇ ಪದೇ ಎದ್ದು ಹೋಗಬೇಕು” ಎಂದಿದೆ, ಅಷ್ಟೆ. ಯಜಮಾನರು ಮದುವೆಗೆ ಹೋಗಿದ್ದ ಆ ದಿನ ನಾನು ಫಿಟ್ಟರರ ಕಂಪ್ಯೂಟರಿನ ಮುಂದೆ ಕುಳಿತು, ರಕ್ಷಣೆಯ ತುಂಡಿನ ಸಾಲಿನ ಮೊದಲಿಗೆ ಒಂದು ಅಡ್ಡಗೆರೆ ಹಾಕಿದೆ. ಈ ಸಾಲು ತಪ್ಪಿದರೂ ನಿಲ್ಲಬೇಡ, ಮುಂದೆ ಹೋಗು ಎಂದು ಅದರ ಅರ್ಥ. ಎಲ್ಲ ತುಂಡುಗಳನ್ನು ಒಂದುಗೂಡಿಸುವ ಕಡೆಯೂ, ರಕ್ಷಣೆಯ ತುಂಡು ಇದ್ದರೆ ಮಾತ್ರ ಸೇರಿಸಿಕೋ ಎಂದು ತಿದ್ದಿದೆ. ಮೇಲೆ ಆ ಟಿಪ್ಪಣಿ ಬರೆದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ಅವರು ತೊಂದರೆಯಿಲ್ಲದೆ ಉಳಿದದ್ದನ್ನು ಕಟ್ಟಿಕೊಂಡು ಪರೀಕ್ಷೆ ಮಾಡಿಕೊಳ್ಳಲಿ, ಬೀದಿಗೆ ಹೋಗುವ ಚಿಪ್ಪನ್ನು ನಾನು ನನ್ನ ಕಂಪ್ಯೂಟರಿನಿಂದಲೇ ಕೊಡುತ್ತೇನೆ. ನಿಜವಾಗಿ ಇದ್ದದ್ದು ಇದೇನಾ? ಈ ಉದ್ದೇಶ ಡೈರಿಯಲ್ಲಿ ಎಲ್ಲೂ ಇಲ್ಲ. ಒಂದು ವೇಳೆ ಇತ್ತೆಂದರೂ ಅದನ್ನು ಅವರಿಗೆ ಹೇಳಲಿಲ್ಲ.

ಎರಡು ದಿನವಾದ ಮೇಲೆ ಅವರು ಬಂದು ನನ್ನ ಮೇಜಿನ ಪಕ್ಕ ನಿಂತರು.

“ಈಗ ನಿಲ್ಲಲ್ಲ. ಆದ್ರೆ ಕಡೀಗೆ ಏನೋ ಒಂದು ಬರ್ತೈತೆ. ಎರರ್ ಒನ್, ಇಗ್ನೋರ್ಡ್ ಅಂತ.”

“ಬರಲಿ ಬಿಡಣ್ಣ.”

“ಇಗ್ನೋರ್ಡ್ ಅಂದ್ರೆ ಏನ್ರೀ?”

“ಅದು ಲೆಕ್ಕಕ್ಕಿಲ್ಲ ಅಂತ.”

“ಲೆಕ್ಕಕ್ಕಿಲ್ಲದಿದ್ರೆ ಯಾಕ್ ಹೇಳ್ತೈತೆ? ದಿನಾ ನೋಡಿ ನೋಡಿ ಒಂಥರಾ ಆಗ್ತೈತೆ ಮೇಡಮ್ನೋರೇ. ಏನೋ ಬಿಟ್ಟೋಗೈತೆ ಅನ್ನಂಗೆ.”

ಟಿ.ವಿ.ಗಳ ಹೊಟ್ಟೆ ಬಿಚ್ಚಿ ಬಿಚ್ಚಿ ಬೆಳೆದ ಮನುಷ್ಯ. ಏನೋ ಬಿಟ್ಟುಹೋಗಿದೆ ಎಂದು ಅವರಿಗೆ ವಾಸನೆ ಬಡಿದಿತ್ತು. ಮೇಕ್‌ಫೈಲೇ ಅಂಚಿಗೆ ಒಂದು ನೂಲು ಕಟ್ಟಿತ್ತು, ಅವರು ಅಂಚು ಸವರಿ ಅದನ್ನು ಕೈಯಲ್ಲಿ ಹಿಡಿದು ನನ್ನ ಹತ್ತಿರ ತಂದಿದ್ದರು. ನಾನು ಹೋಗಿ ಅಡ್ಡಗೆರೆ ತೆಗೆದು, ಸಾಲಿನ ಕೊನೆಗೆ ಎರಡು ಉದ್ದಗೆರೆ ಹಾಕಿ ‘ಟ್ರೂ’ ಎಂದು ಬರೆದೆ. ಮೊದಲಿನದು ತಪ್ಪಿದರೂ ಎಲ್ಲ ಸರಿಯಾಯಿತು ಎಂದೇ ವರದಿ ಮಾಡು ಎಂದು ಅದರ ಅರ್ಥ. ಇನ್ನು ಎರರ್ ಇಲ್ಲ, ಇಗ್ನೋರ್ಡ್ ಇಲ್ಲ. ನನ್ನ ಬಳಿಯ ಎರಡನೆಯ ಫೈಲು ಇದು.

“ಈಗ ನೋಡಿ.”

ಅವರು ಕಟ್ಟಿ ನೋಡಿದರು. “ಹೋತು. ಈಗ ಚೊಕ್ಕಟ ಆತು” ಎಂದರು.

ಮುಂದಿನ ವಾರಗಳಲ್ಲಿ ಅವರು ಐದು ಚಿಪ್ಪು ತುಂಬಿದರು. ಎಲ್ಲವೂ ಒಂದೇ ಥರ ಇರಲಿ ಎಂದು, ನಾನು ಕಟ್ಟಿಕೊಟ್ಟಿದ್ದ ಮಾವನ ಪೆಟ್ಟಿಗೆಯ ಚಿಪ್ಪನ್ನೂ ಮತ್ತೆ ತುಂಬಿದರು. ಬೀದಿಗೆ ಹೋಗುವ ಚಿಪ್ಪನ್ನು ನಾನೇ ಕೊಡುತ್ತೇನೆಂದು ಅಂದುಕೊಂಡಿದ್ದ ನಾನು ಒಂದನ್ನೂ ಕೇಳಲಿಲ್ಲ, ಒಂದನ್ನೂ ನೋಡಲಿಲ್ಲ.

ಶ್ರಾವಣದ ಮದುವೆಗಳಿಗೆ ಹೊಸ ಸೆರಗಿನ ವಿನ್ಯಾಸ ಬಂತು. ಅದಕ್ಕೆ ದೊಡ್ಡ ಪ್ರೋಗ್ರಾಮೂ ಬದಲಾಗಬೇಕಿತ್ತು. ಫಿಟ್ಟರ್ ಕೇಬಲ್ಲು, ಹಳೆಯದೊಂದು ಲ್ಯಾಪ್‌ಟಾಪು ಹಿಡಿದು ಮೊಳಕಾಲ್ಮೂರಿಗೆ ಹೋದರು. ಮೊದಲು ಮಾವನ ಮನೆ. ತುಂಬುತ್ತಿರುವಾಗಲೇ ಕರೆಂಟು ಹೋಯಿತು. ಅವರಿಗೆ ಗಾಬರಿಯೇನೂ ಆಗಲಿಲ್ಲವಂತೆ. ಬೀದಿಯ ನಾಲ್ಕು ಜನ ಅಲ್ಲೇ ಇದ್ದರು. “ಈಗ ನೋಡ್ರಿ, ಹೆಂಗೇಳ್ತೈತೆ” ಎಂದು ಹೇಳಿ ಕಾದರು. ಕರೆಂಟು ಬಂತು. ಕೆಂಪು ದೀಪ ಹತ್ತಿತು. ಹತ್ತಿಯೇ ಇತ್ತು. ಕೇಬಲ್ಲು ಕಿತ್ತು ಹಾಕಿದರು, ಗುಂಡಿ ಒತ್ತಿದರು, ಪ್ಲಗ್ ಕಿತ್ತು ಹಾಕಿದರು. ಹಸಿರಾಗಲಿಲ್ಲ. ಅದೇ ವಾರ ಇನ್ನೆರಡು ಮನೆಗಳಲ್ಲಿ ಅದೇ ಆಯಿತು.

ಮಾವನ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಯಜಮಾನರು ಇದ್ದರು. ನಾನು ನನ್ನ ಮೇಜಿನ ಬೋರ್ಡನ್ನು ಹತ್ತಿರಕ್ಕೆಳೆದು, ತುಂಬುತ್ತಿರುವಾಗ ಪ್ಲಗ್ ಕಿತ್ತು ಹಾಕಿ ತೋರಿಸಿದೆ. ಕೆಂಪು, ಆಮೇಲೆ ಹಸಿರು.

“ಪ್ರೋಗ್ರಾಂ ಸರಿಯಾಗಿದೆ ಸಾರ್. ನೋಡಿ, ಏಳುತ್ತೆ.”

ಈ ಮಾತು ನನ್ನದು, ಇದರಲ್ಲಿ ಅನುಮಾನವಿಲ್ಲ. ಡೈರಿಯಲ್ಲೂ ಇದೆ, ಸ್ವಲ್ಪ ಹೆಮ್ಮೆಯಿಂದಲೇ ಇದೆ.

ಯಜಮಾನರು ಫಿಟ್ಟರ್ ಕಡೆಗೆ ತಿರುಗಿದರು. “ಲೇ, ಅಲ್ಲಿ ಅರ್ತ್ ವೈರ್ ಕೊಟ್ಟಿದ್ಯೇನೋ?”

“ಕೊಟ್ಟಿದ್ದೆ ಸಾಮಿ. ಮೂರು ಮನೇಲೂ ಕೊಟ್ಟೀನಿ.”

“ಮತ್ತೆ ಯಾಕ್ ಏಳ್ಲಿಲ್ಲ? ಮೇಡಮ್ದು ಎದ್ದಿತಲ್ಲ.”

“ಚಿಪ್ಪಲ್ಲೇ ಏನೋ ಇಲ್ಲ ಅನ್ಸುತ್ತೆ ಸಾಮಿ.”

“ಚಿಪ್ಪು ತುಂಬಿದ್ದು ಯಾರು?”

ಅವರು ನನ್ನ ಮುಖ ನೋಡಿದರು. ಏನನ್ನೋ ನಿರೀಕ್ಷಿಸುತ್ತಿದ್ದರು ಎಂದು ನನಗೆ ಅನಿಸುತ್ತದೆ, ಅನಿಸುವುದು ಈಗ. ಆಗ ನಾನು ಬೋರ್ಡಿನ ಹಸಿರು ದೀಪ ನೋಡುತ್ತಿದ್ದೆ. ಆ ಸಾಲು ನನಗೆ ನೆನಪೇ ಬರಲಿಲ್ಲ. ಇದು ನಿಜವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪೇ ಬರಲಿಲ್ಲ ಎಂದೇ ಉತ್ತರ ಬರುತ್ತದೆ. ಒಡೆದ ಲೋಟವನ್ನು ತೋರಿಸಿದ ಮನಸ್ಸೇ ಇದನ್ನೂ ಹೇಳುತ್ತಿರುವುದು.

ಮರುದಿನ ಯಜಮಾನರು ತಾವೇ ಮೊಳಕಾಲ್ಮೂರಿಗೆ ಹೋದರು. ಪೆಟ್ಟಿಗೆಯಲ್ಲಿ ದೋಷವಿಲ್ಲ, ನಮ್ಮ ಹುಡುಗನ ಕೈಕೆಲಸ ಸರಿಯಿಲ್ಲ ಎಂದು ಮಾವನ ಎದುರಿಗೇ, ಬೀದಿಯವರ ಎದುರಿಗೇ ಹೇಳಿ ಬಂದರು. ನಲವತ್ತರ ಹತ್ತಿರದ ಮನುಷ್ಯನನ್ನು ಹುಡುಗ ಎಂದರಂತೆ. ಫಿಟ್ಟರ್ ಆ ವಾರದ ಕೊನೆಗೆ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಬರ್ತೀನಿ ಮೇಡಮ್ನೋರೇ ಎಂದರು.

ಅವರ ಕೆಲಸ ನನ್ನ ಪಾಲಿಗೆ ಬಂತು. ಹತ್ತು ಹನ್ನೆರಡು ದಿನಗಳ ಮೇಲೆ ಅವರ ಕಂಪ್ಯೂಟರಿನಲ್ಲಿ ಕುಳಿತು ಮೊದಲ ಸಲ ನಾನೇ ಕಟ್ಟಿದೆ. ನಿಲ್ಲದೆ, ಚೊಕ್ಕಟವಾಗಿ ಮುಗಿಯಿತು. ಫೈಲಿನ ಗಾತ್ರ ನೋಡಿದೆ. ನನ್ನದಕ್ಕಿಂತ ಚಿಕ್ಕದಿತ್ತು, ಸರಿಯಾಗಿ ರಕ್ಷಣೆಯ ತುಂಡಿನಷ್ಟು ಚಿಕ್ಕದು. ಚಿಪ್ಪಿನಲ್ಲಿ ಆ ಜಾಗ ಖಾಲಿ. ಕರೆಂಟು ಬಂದು ಬೂಟ್‌ಲೋಡರ್ ಎದ್ದು, ದೊಡ್ಡದು ಕೆಟ್ಟಿದೆ ಎಂದು ಕಂಡು, ರಕ್ಷಣೆಯನ್ನು ಕರೆದು ಬಾವಿಗೆ ಬಿದ್ದ ಹಾಗೆ ಬೀಳುತ್ತಿತ್ತು. ಎಲ್ಲ ಚಿಪ್ಪುಗಳಲ್ಲೂ.

ಅವತ್ತು ಮಧ್ಯಾಹ್ನದೊಳಗೆ ನಾನು ಮೇಕ್‌ಫೈಲನ್ನು ಸರಿಯಾಗಿ ಬರೆದೆ. ಮೇಲೆಯೇ ಒಂದು ಪ್ರಶ್ನೆ: ರಕ್ಷಣೆ ಬೇಕೋ, ಬೇಡವೋ. ಬೇಕು ಎಂದಿದ್ದು ಸಲಕರಣೆ ಸಿಗದಿದ್ದರೆ, ಏನು ಸಿಗಲಿಲ್ಲ ಎಂದು ಹೇಳಿ ಅಲ್ಲೇ ನಿಲ್ಲುತ್ತದೆ. ಬೇಡ ಎಂದಿದ್ದರೆ ಮುಂದೆ ಹೋಗುತ್ತದೆ, ಆದರೆ ರಕ್ಷಣೆ ಇಲ್ಲ ಎಂಬುದು ಫೈಲಿನ ಹೆಸರಿನಲ್ಲೇ ಅಂಟಿಕೊಳ್ಳುತ್ತದೆ. ಚಿಪ್ಪು ತುಂಬುವವರಿಗೆ ಕಾಣದೆ ಇರಲಾರದು. ಬೇಡವೆಂದು ಬಿಟ್ಟದ್ದು ಬೇರೆ, ಸಿಗದೆ ತಪ್ಪಿಹೋದದ್ದು ಬೇರೆ. ನಾನು ಎರಡನ್ನೂ ಒಂದೇ ಸಾಲಿನಲ್ಲಿ ಮುಚ್ಚಿದ್ದೆ. ಬೇರೆ ಮಾಡಲು ಹಿಡಿದದ್ದು ಅರ್ಧ ದಿನ.

ಯಜಮಾನರಿಗೆ ಹೊಸ ಚಿಪ್ಪು ಕೊಟ್ಟಾಗ ಅವರು ಕೇಳಿದರು. “ಮೊದಲಿನದರಲ್ಲಿ ಏನಾದರೂ ತಪ್ಪಿತ್ತಾ?”

“ಇಲ್ಲ ಸಾರ್. ಇದು ಇನ್ನೂ ಗಟ್ಟಿ.”

ಇಲ್ಲಿ ಮರೆವಿಗೆ ಜಾಗವಿಲ್ಲ. ಬೆಳಗ್ಗೆ ಕಂಡದ್ದನ್ನು ಮಧ್ಯಾಹ್ನ ಮುಚ್ಚಿದೆ. ಆ ದಿನದ ಡೈರಿಯಲ್ಲಿ ಬೇಸಿಗೆಯ ಹಾಗೆ ಬಿಸಿಲು ಎಂದಿದೆ.

ಹೊಸ ಚಿಪ್ಪಿನ ಪೆಟ್ಟಿಗೆಗಳು ಎದ್ದವು. ಬೀದಿಯವರಿಗೆ ಅದರ ಅರ್ಥ ಸ್ಪಷ್ಟವಾಯಿತು. ಫಿಟ್ಟರ್ ಹೋದರು, ಪೆಟ್ಟಿಗೆ ಎದ್ದಿತು. ಅವರದೇ ತಪ್ಪು ಎನ್ನಲು ಇನ್ನೇನು ಬೇಕು? ಮಾವ ಮಾತ್ರ ಹೊಸ ಚಿಪ್ಪು ಹಾಕಿಸಿಕೊಳ್ಳಲಿಲ್ಲ. ಮೊದಲಿನ ರಟ್ಟಿನ ಸರವನ್ನೇ ಮಗ್ಗಕ್ಕೇರಿಸಿದರು. ನಾಲ್ಕು ವರ್ಷದಲ್ಲಿ ಉಳಿದ ಮನೆಗಳೂ ಪೆಟ್ಟಿಗೆ ಬಿಚ್ಚಿಟ್ಟವು, ನಮ್ಮ ಶೆಡ್ಡು ಹಿಂಡಿ ಮೂಟೆಗಳಿಗೆ ಹೋಯಿತು, ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ.

ಕುದಾಪುರದ ಕಡೆ ಸರ್ಕಾರದ ವಿಜ್ಞಾನ ಸಂಸ್ಥೆಗಳಿಗೆಂದು ಹುಲ್ಲುಗಾವಲಿನ ಸುತ್ತ ಗೋಡೆಗಳು ಏಳತೊಡಗಿದ್ದ ಕಾಲ. ಚಳ್ಳಕೆರೆ ಬಸ್‌ ನಿಲ್ದಾಣದಲ್ಲಿ ಫಿಟ್ಟರ್ ಸಿಕ್ಕರು. ಹೆಗಲ ಮೇಲೆ ಕೇಬಲ್ಲಿನ ಸುರುಳಿ ಇತ್ತು. ಗುತ್ತಿಗೆದಾರರೊಬ್ಬರ ಕೈಕೆಳಗೆ ಬೀದಿದೀಪದ ಕಂಬಗಳಿಗೆ ತಂತಿ ಎಳೆಯುತ್ತೇನೆ ಎಂದರು. ರಿಪೇರಿ ಬಿಟ್ಟಿರಾ ಎಂದೆ.

“ಬಿಟ್ಟೆ ಮೇಡಮ್ನೋರೇ. ಚಿಪ್ಪಿನ ಕೆಲ್ಸ ನನ್ ಕೈಗೆ ಅಲ್ಲ. ಅವತ್ತು ಅರ್ತ್ ಸರಿ ಕೊಟ್ಟಿರ್ಲಿಲ್ಲ ಅನ್ಸುತ್ತೆ, ಯೋಚ್ನೆ ಮಾಡಿದ್ರೆ.”

ಮೂರು ಮನೆಯಲ್ಲೂ ಕೊಟ್ಟಿದ್ದೇನೆಂದು ಅಂದು ಹೇಳಿದ ಮನುಷ್ಯ. ಎಲ್ಲರೂ ಹೇಳಿ ಹೇಳಿ, ತನ್ನ ಕೈ ಮಾಡಿದ್ದನ್ನೇ ಅವರು ಮರೆತಿದ್ದರು. ನನ್ನ ನೆನಪು ನನಗೆ ಅನುಕೂಲವಾಗಿ ಬದಲಾಗಿದ್ದರೆ, ಅವರದೂ ನನಗೇ ಅನುಕೂಲವಾಗಿ ಬದಲಾಗಿತ್ತು.

ಅಲ್ಲೇ ನಿಂತು ಹೇಳಿದೆ. ಚಿಪ್ಪಿನಲ್ಲಿ ರಕ್ಷಣೆಯ ತುಂಡೇ ಇರಲಿಲ್ಲ, ಅದು ನನ್ನ ತಪ್ಪು, ನಿಮ್ಮ ಅರ್ತ್ ಸರಿ ಇತ್ತು. ಅವರು ಸುರುಳಿಯನ್ನು ಹೆಗಲಿಂದ ಇಳಿಸಿ ಕೆಳಗಿಟ್ಟರು.

“ಯಾವಾಗ ಗೊತ್ತಾತು ನಿಮ್ಗೆ?”

“ನೀವು ಹೋಗಿ ಹತ್ತು ಹನ್ನೆರಡು ದಿನಕ್ಕೆ.”

ಬಸ್ಸೊಂದು ಬಂದು ಹೋಯಿತು. ಆಮೇಲೆ ಅವರು, “ಮಾವ ಹೋಗ್ಬಿಟ್ರು, ಹೋದ್ ವರ್ಷ” ಎಂದರು. ಸುರುಳಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು, “ಅತ್ತೆ ಅದಾರೆ. ಬಂದು ಅವ್ರ ಮುಂದೆ ಒಂದ್ಮಾತು ಹೇಳ್ತೀರಾ?” ಎಂದರು.

ಮುಂದಿನ ಭಾನುವಾರ ಹೋದೆವು. ಮಗ್ಗ ಇನ್ನೂ ಇತ್ತು, ಅದರ ಮೇಲೆ ಹಾಸಿನ ಎಳೆಗಳಿರಲಿಲ್ಲ. ಅತ್ತೆ ಅದೇ ಗೋಡೆಗೆ ಒರಗಿ, ಬೇರೆಯವರ ಮನೆಯ ಕಂಡಿಕೆ ಸುತ್ತುತ್ತಿದ್ದರು. ಫಿಟ್ಟರ್ ಒಳಗೆ ಬರಲಿಲ್ಲ, ಜಗುಲಿಯ ಮೇಲೆ ಕುಳಿತರು. ನಾನು ಹೇಳಬೇಕಾದ್ದನ್ನು ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ಅಳಿಯಂದಿರ ಆಣೆ ಸುಳ್ಳಲ್ಲ, ನಾನು ಡಬ್ಬಿಯೊಳಗೆ ಇಡಬೇಕಾದ್ದನ್ನು ಇಡದೆ ಕಳಿಸಿದ್ದೆ.

ಅವರು ರಾಟೆ ನಿಲ್ಲಿಸಲಿಲ್ಲ.

“ಆಗ್ಲೇ ಬಂದು ಹೇಳಿದ್ರೆ ನಮ್ಮೋರು ನಂಬ್ತಿದ್ರಮ್ಮ. ರಾಮೇಶ್ವರನ ಮೇಲೆ ಆಣೆ ಹಾಕಿ ತಪ್ಪಿದ್ ಅಳಿಯ ಅಂತ ಸಾಯೋವರ್ಗೂ ಅವ್ನ ಕೈಲಿ ನೀರ್ ಈಸ್ಕಂಡು ಕುಡೀಲಿಲ್ಲ.”

“ತಪ್ಪಿದ್ದು ಅವರಲ್ಲ. ನಾನು.”

“ಆಗ್ಲವ್ವ. ಈಗ ನೀನು ಹೇಳ್ತೀಯ. ನಾನು ಬೀದಿಯಾಗೆ ಹೇಳಿದ್ರೆ ಏನಂತಾರೆ ಹೇಳು? ಮಾವ ಸತ್ ಮೇಲೆ ಅಳಿಯ ಯಾರನ್ನೋ ಕರ್ಕಂಡ್ ಬಂದು ಹೇಳಿಸ್ಯಾನೆ ಅಂತಾರೆ. ಅವ್ನಿಗೇ ಇನ್ನೊಂದು ಕೆಟ್ಟೆಸ್ರು. ಸುಮ್ನಿರು.”

ಆಮೇಲೆ ನನ್ನನ್ನು ನೋಡಿ, ಮೊದಲ ಸಲ ಕೈ ನಿಲ್ಲಿಸಿ, “ನೀನೂ ಓದ್ದೋಳು. ಅವ್ನಿಗೆ ಪಾಪ ಅನ್ಸಿ ಹೇಳ್ತಿರ್ಬೌದು” ಎಂದರು. ಅವರೂ ನಂಬಿರಲಿಲ್ಲ. ಜಗುಲಿಯ ಮೇಲೆ ಎಲ್ಲ ಕೇಳಿಸುತ್ತಿತ್ತು.

ವಾಪಸು ಬಸ್ಸಿನಲ್ಲಿ ಫಿಟ್ಟರ್ ನನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಅರ್ಧ ದಾರಿಯಲ್ಲಿ ಮುಂದಕ್ಕೆ ಬಾಗಿದರು.

“ಮೇಡಮ್ನೋರೇ, ಆಗ ಕಡೀಗೆ ಇಗ್ನೋರ್ಡ್ ಅಂತ ಬರ್ತಿತ್ತಲ್ಲ. ಆಮೇಲೆ ನಿಂತೋತು. ಅದು ಅದಾಗೇ ಹೋತಾ, ನೀವು ತೆಗದ್ರಾ?”

ಬಸ್ ನಿಲ್ದಾಣದಲ್ಲೂ, ಅತ್ತೆಯ ಮುಂದೆಯೂ ನಾನು ಈ ಒಂದನ್ನು ಬಿಟ್ಟಿದ್ದೆ. ತುಂಡು ಇರಲಿಲ್ಲ ಎಂದು ಹೇಳಿದ್ದೆ. ಇಲ್ಲವೆಂದು ಮೇಕ್‌ಫೈಲು ಹೇಳುತ್ತಿತ್ತು, ಅವರು ಅದನ್ನು ನನಗೆ ತೋರಿಸಿದ್ದರು, ನಾನು ಅದರ ಬಾಯಿ ಮುಚ್ಚಿದೆ ಎಂದು ಹೇಳಿರಲಿಲ್ಲ.

ನಾನೇ ತೆಗೆದೆ ಅಣ್ಣ ಎಂದು ಅವರ ಕಡೆ ತಿರುಗಿ ಹೇಳಿದೆ ಎಂದು ನನ್ನ ನೆನಪು. ಕಿಟಕಿಯ ಸರಳು, ಅವರ ಮುಖದ ಮೇಲಿನ ಸಂಜೆಯ ಬಿಸಿಲು, ಎಲ್ಲ ನೆನಪಿದೆ. ಡೈರಿಯಲ್ಲಿ ಬಸ್ಸು ಹೊರಟ ಹೊತ್ತು ಇದೆ, ಅತ್ತೆಯ ಮಾತು ಇದೆ, ಅವರ ಪ್ರಶ್ನೆ ಅಕ್ಷರಕ್ಕೆ ಅಕ್ಷರ ಇದೆ. ನನ್ನ ಉತ್ತರ ಇಲ್ಲ. ಅದರ ಕೆಳಗೆ ಚಳ್ಳಕೆರೆಯಲ್ಲಿ ಇಳಿದೆವು ಎಂದಿದೆ.